ಟೈಸನ್ ಲೆಕ್ಕದಲ್ಲಿ ನಾನು ಬಿಟ್ಟ ಅಂಕಿ

ನಮ್ಮೂರ ಗರಡಿ ಮನೆಯ ಗೋಡೆಯ ಮೇಲೆ ಎರಡು ಚಿತ್ರಗಳಿವೆ. ಒಂದು ಹನುಮಪ್ಪನದು. ಅದಕ್ಕೆ ದಿನವೂ ಊದುಬತ್ತಿ. ಪಕ್ಕದ್ದು ಮೈಕ್ ಟೈಸನ್‌ನ ಪೋಸ್ಟರ್. ಅದಕ್ಕೆ ಊದುಬತ್ತಿ ಇಲ್ಲ, ಆದರೆ ಹುಡುಗರ ಕಣ್ಣೆಲ್ಲ ಅದರ ಮೇಲೆಯೇ. ಕರಿ ಚಡ್ಡಿ, ದಪ್ಪ ಕುತ್ತಿಗೆ, ಎದುರಿಗಿದ್ದವನನ್ನು ನುಂಗುವಂಥ ನೋಟ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾನು ಬೈಠಕ್ ಹೊಡೆಯುತ್ತ ಆ ಪೋಸ್ಟರನ್ನೇ ನೋಡುತ್ತಿದ್ದೆ. ನೂರು ಮುಗಿಯುವಷ್ಟರಲ್ಲಿ ಕಾಲು ನಡುಗುತ್ತಿದ್ದವು. ಟೈಸನ್ ನೋಡುತ್ತಿದ್ದಾನೆ ಎಂದುಕೊಂಡು ಇನ್ನೂ ಹತ್ತು ಹೊಡೆಯುತ್ತಿದ್ದೆ.

ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದಲು ಧಾರವಾಡಕ್ಕೆ ಬಂದೆ. ಗರಡಿ ಬಿಟ್ಟುಹೋಯಿತು, ಟೈಸನ್ ಬಿಡಲಿಲ್ಲ. ಸಪ್ತಾಪುರದ ನಮ್ಮ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ರೀಸನಿಂಗ್ ಪುಸ್ತಕ ಮುಚ್ಚಿದ ಮೇಲೆ ಮೊಬೈಲಿನಲ್ಲಿ ಅವನ ಹಳೆಯ ನಾಕೌಟ್‌ಗಳನ್ನು ನೋಡದೆ ಮಲಗಿದ ದಿನ ಕಡಿಮೆ. ಫೋನ್ ತೆರೆದರೆ ಮೊದಲು ಕಾಣುತ್ತಿದ್ದದ್ದೂ ಅವನ ಮುಖವೇ.

ಇಂಥ ನಾನು ಕಳೆದ ಮಳೆಗಾಲದಲ್ಲಿ ಟೈಸನ್ ಬಗ್ಗೆಯೇ ನಡೆದ ಚರ್ಚೆಯಲ್ಲಿ ಬಾಯಿ ಕಟ್ಟಿ ಕೂತೆ. ಅದೂ ಒಂದೇ ಒಂದು ಪ್ರಶ್ನೆಗೆ.

ಚೀಟಿಯಲ್ಲಿ ಬಂದ ವಿಷಯ

ನಾವು ಆರು ಜನ ಭಾನುವಾರ ಸಂಜೆ ಟೆರೇಸ್ ಮೇಲೆ ಸೇರಿ ಗ್ರೂಪ್ ಡಿಸ್ಕಶನ್ ಮಾಡುತ್ತೇವೆ. ನಾಲ್ವರು ಹುಡುಗರು, ಹಿಂದಿನ ಓಣಿಯ ಪಿ.ಜಿ.ಯಿಂದ ಬರುವ ಇಬ್ಬರು ಹುಡುಗಿಯರು. ಬರೆಯುವ ಪರೀಕ್ಷೆ ಹೇಗೋ ದಾಟಬಹುದು, ಸಂದರ್ಶನದಲ್ಲಿ ನಾಲಿಗೆ ಹೊರಳಬೇಕಲ್ಲ! ಪ್ರತಿಯೊಬ್ಬರೂ ಒಂದೊಂದು ವಿಷಯ ಬರೆದು ಚೀಟಿ ಹಾಕುವುದು, ಒಬ್ಬರು ಎತ್ತುವುದು, ಒಬ್ಬರು ಗಡಿಯಾರ ಹಿಡಿದು ಅಂಕ ಕೊಡುವುದು. ಇಷ್ಟೇ ನಿಯಮ.

ಆ ದಿನ ಬಂದ ಚೀಟಿ ಹೀಗಿತ್ತು: ‘ವಿವಾದಾತ್ಮಕ ಕ್ರೀಡಾಪಟುವನ್ನು ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಿಸಬಹುದೇ? ಒಂದು ಉದಾಹರಣೆಯೊಂದಿಗೆ ಚರ್ಚಿಸಿ.’

ನನಗೆ ಹೋಳಿಗೆ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಉಳಿದವರು ಯಾವ ಕ್ರಿಕೆಟಿಗ, ಯಾವ ಓಟಗಾರ ಎಂದು ಯೋಚಿಸುವಷ್ಟರಲ್ಲಿ ನಾನು ಟೈಸನ್ ಹೆಸರು ಹೇಳಿ ಶುರು ಮಾಡಿಯೇಬಿಟ್ಟೆ.

ನನ್ನ ಬಾಯಿಪಾಠ

1966ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಬ್ರೌನ್ಸ್‌ವಿಲ್ ಎಂಬ ಬಡ ಕೇರಿಯಲ್ಲಿ ಬೆಳೆದ ಹುಡುಗ. ಹದಿಮೂರು ತುಂಬುವ ಹೊತ್ತಿಗೆ ಹತ್ತಾರು ಬಾರಿ ಪೊಲೀಸರ ಕೈಗೆ ಸಿಕ್ಕಿದ್ದ. ಬಾಲಾಪರಾಧಿಗಳ ಶಾಲೆಯಲ್ಲಿ ಬಾಕ್ಸಿಂಗ್ ಕಲಿತ. ಅಲ್ಲಿಂದ ಕಸ್ ಡಿ’ಅಮಾಟೊ ಎಂಬ ವಯಸ್ಸಾದ ಗುರುವಿನ ಕಣ್ಣಿಗೆ ಬಿದ್ದ. 1956ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು 21ನೇ ವಯಸ್ಸಿಗೇ ಹೆವಿವೇಟ್ ಚಾಂಪಿಯನ್ ಮಾಡಿದ್ದ ಗುರು ಅವರು. ಟೈಸನ್‌ನನ್ನು ಮನೆಯಲ್ಲೇ ಇಟ್ಟುಕೊಂಡರು, ತಾಯಿ ಸತ್ತ ಮೇಲೆ ಕಾನೂನಿನ ಪ್ರಕಾರ ಪೋಷಕರೂ ಆದರು. ಎರಡೂ ಮುಷ್ಟಿಯನ್ನು ಕೆನ್ನೆಗೆ ಆನಿಸಿ, ತಲೆಯನ್ನು ಆಚೀಚೆ ತೂಗುತ್ತ ಎದುರಾಳಿಯ ಎದೆಯೊಳಗೆ ನುಗ್ಗುವ ಶೈಲಿ ಅವರು ಕಲಿಸಿದ್ದು. ಟೈಸನ್ ಎತ್ತರ 5 ಅಡಿ 10 ಇಂಚು. ಹೆವಿವೇಟ್‌ನಲ್ಲಿ ಅದು ಕುಳ್ಳು. ಕುಳ್ಳಗಿರುವುದನ್ನೇ ಆಯುಧ ಮಾಡಿಕೊಟ್ಟ ಶೈಲಿ ಅದು.

1985ರ ನವೆಂಬರಿನಲ್ಲಿ ಗುರು ತೀರಿಕೊಂಡರು. ಒಂದು ವರ್ಷದ ನಂತರ, 1986ರ ನವೆಂಬರ್ 22ರಂದು, ಲಾಸ್ ವೇಗಸ್‌ನಲ್ಲಿ ಟೈಸನ್ ಎರಡನೇ ರೌಂಡಿಗೇ ಟ್ರೆವರ್ ಬರ್ಬಿಕ್‌ನನ್ನು ಕೆಡವಿ ಪಟ್ಟ ಗೆದ್ದ. ಆಗ ಅವನಿಗೆ 20 ವರ್ಷ 4 ತಿಂಗಳು. ಪ್ಯಾಟರ್ಸನ್ ದಾಖಲೆ ಅಳಿಸಿ, ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದ. ಮರುವರ್ಷ ಮೂರೂ ದೊಡ್ಡ ಸಂಸ್ಥೆಗಳ ಬೆಲ್ಟ್ ಅವನ ಸೊಂಟದಲ್ಲಿದ್ದವು.

1988ರ ಜನವರಿಯಲ್ಲಿ ಲ್ಯಾರಿ ಹೋಮ್ಸ್ ನಾಲ್ಕನೇ ರೌಂಡಿನಲ್ಲಿ ಮಲಗಿದ. 75 ಪಂದ್ಯ ಆಡಿದ ಹೋಮ್ಸ್‌ನನ್ನು ಪಂದ್ಯ ಮುಗಿಯುವ ಮೊದಲೇ ನಿಲ್ಲಿಸಿದ ಏಕೈಕ ವ್ಯಕ್ತಿ ಟೈಸನ್. ಅದೇ ವರ್ಷ ಜೂನ್ 27ರಂದು ಮೈಕೆಲ್ ಸ್ಪಿಂಕ್ಸ್. ಅಲ್ಲಿಯವರೆಗೆ 31 ಪಂದ್ಯ, ಒಂದೂ ಸೋಲಿಲ್ಲ. ಟೈಸನ್‌ಗೆ ಬೇಕಾದದ್ದು 91 ಸೆಕೆಂಡ್!

ಈ 91ಕ್ಕೆ ಬಂದಾಗ ನಾನು ಸ್ವಲ್ಪ ನಿಲ್ಲಿಸಿ ಎಲ್ಲರ ಮುಖ ನೋಡಿದೆ. ನಮ್ಮ ಕಟ್ಟೆ ಅಂಗಡಿಯಲ್ಲಿ ಚಹಾ ಸೋಸಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು ಎಂದೆ. ನಕ್ಕರು. ಗೆದ್ದೆ ಅಂದುಕೊಂಡೆ.

ರೂಮ್‌ಮೇಟ್ ಕೊಟ್ಟ ಏಟು

ನನ್ನ ರೂಮ್‌ಮೇಟ್‌ಗೆ ಬಾಕ್ಸಿಂಗ್ ಬಗ್ಗೆ ನನ್ನಷ್ಟು ಪ್ರೀತಿ ಇಲ್ಲ. ಆದರೆ ಎರಡು ವರ್ಷದಿಂದ ನನ್ನ ಜೊತೆ ಅದೇ ವಿಡಿಯೊ ನೋಡಿ ನೋಡಿ ನನ್ನಷ್ಟೇ ತಿಳಿದುಕೊಂಡಿದ್ದಾನೆ.

“ಲೇ ದೋಸ್ತ, ಬಡದದ್ದು ಎಷ್ಟು ಸೆಕೆಂಡಿನ್ಯಾಗ ಅನ್ನೋದಷ್ಟ ಅಲ್ಲ, ಯಾರಿಗೆ ಬಡದ ಅನ್ನೋದೂ ನೋಡಬೇಕಲ್ಲೋ,” ಎಂದು ಶುರು ಮಾಡಿದ.

ಅವನ ಲೆಕ್ಕ ಹೀಗಿತ್ತು. ಟೈಸನ್ ಹೊಡೆದ ದಿನ ಹೋಮ್ಸ್‌ಗೆ 38 ವರ್ಷ, ಸುಮಾರು ಎರಡು ವರ್ಷ ರಿಂಗ್‌ನಿಂದ ದೂರ ಇದ್ದವನು. ಸ್ಪಿಂಕ್ಸ್ ಮೂಲತಃ ಕೆಳಗಿನ ತೂಕದ ವಿಭಾಗದಿಂದ ಮೇಲೆ ಬಂದವನು. ಸರಿ, ಅವರನ್ನು ಗೆದ್ದದ್ದು ಸುಳ್ಳಲ್ಲ. ಆದರೆ ತನ್ನ ಕಾಲದ ಇನ್ನಿಬ್ಬರು ದೊಡ್ಡವರು ಎದುರಾದಾಗ ಟೈಸನ್ ಏನಾದ? ಇವ್ಯಾಂಡರ್ ಹೋಲಿಫೀಲ್ಡ್ 1996ರ ನವೆಂಬರಿನಲ್ಲಿ 11ನೇ ರೌಂಡಿನಲ್ಲಿ ಸೋಲಿಸಿದ. 1997ರ ಜೂನ್ 28ರ ಮರುಪಂದ್ಯದಲ್ಲಿ ಟೈಸನ್ ಅವನ ಕಿವಿ ಕಚ್ಚಿ ಮೂರನೇ ರೌಂಡಿಗೇ ಅನರ್ಹನಾದ. ನೆವಾಡ ರಾಜ್ಯದ ಕ್ರೀಡಾ ಆಯೋಗ 30 ಲಕ್ಷ ಡಾಲರ್ ದಂಡ ಹಾಕಿ ಲೈಸೆನ್ಸ್ ಕಿತ್ತುಕೊಂಡಿತು. 2002ರಲ್ಲಿ ಲೆನಾಕ್ಸ್ ಲೂಯಿಸ್ ಎಂಟನೇ ರೌಂಡಿನಲ್ಲಿ ಮಲಗಿಸಿದ.

“ಅದೆಲ್ಲ ಅವನ ವಯಸ್ಸು ಇಳಿದ ಮ್ಯಾಲಿಂದು,” ಎಂದೆ ನಾನು.

“ಹಂಗಾದ್ರ ಟೋಕಿಯೊ?” ಎಂದ ಅವನು.

ಟೋಕಿಯೊ ಹೆಸರು ತೆಗೆದರೆ ಟೈಸನ್ ಅಭಿಮಾನಿ ತಲೆ ತಗ್ಗಿಸಲೇಬೇಕು. 1990ರ ಫೆಬ್ರುವರಿ 11. ಟೈಸನ್‌ಗೆ 23 ವರ್ಷ, 37 ಪಂದ್ಯ, 37 ಗೆಲುವು. ಎದುರಾಳಿ ಬಸ್ಟರ್ ಡಗ್ಲಸ್. ಲಾಸ್ ವೇಗಸ್‌ನ ಒಂದು ಕ್ಯಾಸಿನೊ 42ಕ್ಕೆ 1ರ ಬಾಜಿ ಇಟ್ಟಿತ್ತು. ಅಂದರೆ ಡಗ್ಲಸ್ ಗೆಲ್ಲುತ್ತಾನೆಂದು ಒಂದು ರೂಪಾಯಿ ಕಟ್ಟಿದವನಿಗೆ ನಲವತ್ತೆರಡು. ಆ ಡಗ್ಲಸ್ ಕೆಲವೇ ವಾರಗಳ ಹಿಂದೆ ತಾಯಿಯನ್ನು ಕಳೆದುಕೊಂಡಿದ್ದ. ಎಂಟನೇ ರೌಂಡಿನಲ್ಲಿ ಬಿದ್ದ, ಎದ್ದ. ಹತ್ತನೇ ರೌಂಡಿನಲ್ಲಿ ಟೈಸನ್‌ನನ್ನು ಕೆಡವಿದ. ವೃತ್ತಿ ಬದುಕಿನಲ್ಲಿ ಟೈಸನ್ ನೆಲ ಕಂಡದ್ದು ಅದೇ ಮೊದಲು. ಮಂಡಿಯೂರಿ, ಬಾಯಿಂದ ಬಿದ್ದ ಹಲ್ಲುರಕ್ಷಕವನ್ನು ತಡಕಾಡಿ, ಅದನ್ನು ವಾರೆಯಾಗಿ ಕಚ್ಚಿಕೊಂಡು ಎದ್ದು ನಿಲ್ಲಲು ಹೆಣಗಿದ ಆ ದೃಶ್ಯ ಬಾಕ್ಸಿಂಗ್ ನೋಡುವವರ ಕಣ್ಣಿಂದ ಅಳಿಸುವುದಿಲ್ಲ.

“ಡಗ್ಲಸ್ ಬಿದ್ದು ಎದ್ದು ಗೆದ್ದ. ಟೈಸನ್ ಬಿದ್ದು ಎದ್ದು ಗೆದ್ದ ಒಂದ್ ದೊಡ್ಡ ಪಂದ್ಯ ಹೇಳು,” ಎಂದ ರೂಮ್‌ಮೇಟ್. ನನ್ನ ಹತ್ತಿರ ಇರಲಿಲ್ಲ. ಸಾರ್ವಕಾಲಿಕ ಪಟ್ಟಿಯ ಮೇಲ್ತುದಿಯಲ್ಲಿ ಎಲ್ಲರೂ ಒಪ್ಪುವ ಜೋ ಲೂಯಿಸ್ 1937ರಿಂದ 1949ರವರೆಗೆ ಪಟ್ಟ ಹಿಡಿದು 25 ಬಾರಿ ಉಳಿಸಿಕೊಂಡ. ಮೊಹಮ್ಮದ್ ಅಲಿ ಫ್ರೇಜಿಯರ್‌ಗೆ ಸೋತು ಮತ್ತೆ ಎರಡು ಬಾರಿ ಅವನನ್ನೇ ಗೆದ್ದ, 1974ರಲ್ಲಿ ಕಿನ್ಶಾಸಾದಲ್ಲಿ ಯಾರೂ ನಿರೀಕ್ಷಿಸದಿದ್ದಾಗ ಜಾರ್ಜ್ ಫೋರ್‌ಮನ್‌ನನ್ನು ಎಂಟನೇ ರೌಂಡಿನಲ್ಲಿ ಕೆಡವಿದ. ಟೈಸನ್‌ನ ಮೊದಲ ಆಳ್ವಿಕೆ ಮೂರು ವರ್ಷ ಚಿಲ್ಲರೆ. ಒಂಬತ್ತು ಬಾರಿ ಪಟ್ಟ ಉಳಿಸಿಕೊಂಡ. ಚಿಕ್ಕದಲ್ಲ, ಆದರೆ ಅವರ ಪಕ್ಕಕ್ಕೆ ಇಟ್ಟರೆ ದೊಡ್ಡದೂ ಅಲ್ಲ.

ನಾನು ಕೊನೆಯ ಅಸ್ತ್ರ ತೆಗೆದೆ. “ಅವನು ಮೂರು ವರ್ಷ ಜೈಲಿನ್ಯಾಗ ಕಳೆದ. ಒಬ್ಬ ಬಾಕ್ಸರ್‌ಗೆ 25ರಿಂದ 28 ಅಂದ್ರ ಬಂಗಾರದಂಥ ವಯಸ್ಸು. ಅದು ಹೋಗದಿದ್ರ ಪಟ್ಟಿಯ ತುದಿಯಲ್ಲೇ ಇರ್ತಿದ್ದ.”

ಆಗ ಗಡಿಯಾರ ಹಿಡಿದು ಕೂತಿದ್ದವಳು ತಲೆ ಎತ್ತಿದಳು.

ಒಂದು ಪ್ರಶ್ನೆ

ಅವಳು ಇತಿಹಾಸದಲ್ಲಿ ಎಂ.ಎ. ಮಾಡಿ ಉಪನ್ಯಾಸಕರ ಹುದ್ದೆಗೆ ಓದುತ್ತಿದ್ದವಳು. ಹೆಚ್ಚು ಮಾತಿಲ್ಲ.

“ಅಣ್ಣಾರ, ಎಲ್ಲಾ ಲೆಕ್ಕ ಬಾಯಿಪಾಠ ಅದಾವ ನಿಮಗ. ಜೈಲಿಗೆ ಹೋಗಿದ್ದು ಯಾಕ್ರಿ?”

“ಅದೊಂದು ರೇಪ್ ಕೇಸ್ ಇತ್ತು. ವಿವಾದ ಆಗಿತ್ತು.”

“ಆ ಹುಡುಗಿ ವಯಸ್ಸೆಷ್ಟಿತ್ರೀ?”

ನನಗೆ ಗೊತ್ತಿರಲಿಲ್ಲ.

“ಅದು ಅವನ ಪರ್ಸನಲ್ ವಿಷಯ, ಆಟಕ್ಕೂ ಅದಕ್ಕೂ ಏನ್ ಸಂಬಂಧ?” ಎಂದು ತೇಲಿಸಲು ನೋಡಿದೆ.

“ಪರ್ಸನಲ್ ಹೆಂಗಾಗತೈತ್ರೀ? ಅದರಾಗ ಇನ್ನೊಬ್ಬರು ಇದ್ರಲ್ಲ,” ಎಂದಳು. ಧ್ವನಿ ಏರಿಸಲಿಲ್ಲ. ಸಮಯ ಮುಗಿಯಿತು ಎಂದು ಹೇಳಿ ಚೀಟಿಯಲ್ಲಿ ನನ್ನ ಅಂಕ ಬರೆದು ಕೈಗೆ ಕೊಟ್ಟಳು. ‘ಮಾತು: 9. ತಯಾರಿ: ಅರ್ಧ.’

ಆ ರಾತ್ರಿ ಮೊಬೈಲ್ ಹಿಡಿದು ಮಲಗಿದೆ. ಈ ಸಲ ನಾಕೌಟ್ ನೋಡಲಿಲ್ಲ. ಮೊಕದ್ದಮೆಯ ಬಗ್ಗೆ ಓದಿದೆ. 1991ರ ಜುಲೈ, ಇಂಡಿಯಾನಾಪೊಲಿಸ್ ನಗರ. ಕಪ್ಪು ವರ್ಣೀಯ ಯುವತಿಯರ ಸೌಂದರ್ಯ ಸ್ಪರ್ಧೆಯೊಂದಕ್ಕೆ ಬಂದಿದ್ದ ಹುಡುಗಿ. ಕಾಲೇಜು ವಿದ್ಯಾರ್ಥಿನಿ. ವಯಸ್ಸು 18. 1992ರ ಫೆಬ್ರುವರಿಯಲ್ಲಿ ಜ್ಯೂರಿ ಟೈಸನ್ ಅತ್ಯಾಚಾರದ ಅಪರಾಧಿ ಎಂದು ತೀರ್ಮಾನಿಸಿತು. ಮಾರ್ಚಿನಲ್ಲಿ ಆರು ವರ್ಷದ ಶಿಕ್ಷೆ ಆಯಿತು. ಮೇಲ್ಮನವಿಯಲ್ಲೂ ತೀರ್ಪು ಬದಲಾಗಲಿಲ್ಲ. ಮೂರು ವರ್ಷ ತುಂಬುತ್ತ ಬಂದಾಗ, 1995ರ ಮಾರ್ಚಿನಲ್ಲಿ ಬಿಡುಗಡೆಯಾದ. ತಾನು ಈ ಅಪರಾಧ ಮಾಡಿಲ್ಲ ಎಂದು ಟೈಸನ್ ಅಂದೂ ಹೇಳಿದ, ಇಂದಿಗೂ ಹೇಳುತ್ತಾನೆ. ಆದರೆ ತೀರ್ಪು ಕೊಡುವ ಜಾಗ ನ್ಯಾಯಾಲಯ, ಅದು ಕೊಟ್ಟಾಗಿದೆ. ‘ವಿವಾದ’ ಎಂದು ನಾನು ತೇಲಿಸಿದ್ದು, ಸಾಕ್ಷಿ ವಿಚಾರಣೆ ನಡೆದು ತೀರ್ಮಾನವಾದ ಸಂಗತಿ.

ಸ್ಪಿಂಕ್ಸ್ ಬಿದ್ದ 91ನೇ ಸೆಕೆಂಡ್ ನನಗೆ ಗೊತ್ತಿತ್ತು. ಟೋಕಿಯೊದ 42ಕ್ಕೆ 1 ಗೊತ್ತಿತ್ತು. ಈ 18 ಗೊತ್ತಿರಲಿಲ್ಲ. ಹತ್ತು ವರ್ಷ ಒಬ್ಬನನ್ನು ಆರಾಧಿಸಿದವನಿಗೆ ಅದೊಂದು ಅಂಕಿ ಕಣ್ಣಿಗೆ ಬೀಳಲಿಲ್ಲ ಎಂದರೆ, ಅದು ಅಲ್ಲಿ ಇರಲಿಲ್ಲ ಎಂದಲ್ಲ. ನಾನು ನೋಡಲು ಹೋಗಿರಲಿಲ್ಲ.

‘ವಿವಾದಾತ್ಮಕ’ ಎಂಬ ಒಂದೇ ಚೀಲ

ಮುಂದಿನ ಭಾನುವಾರದೊಳಗೆ ಉತ್ತರ ಹುಡುಕಬೇಕು ಎಂಬ ಹಠ ಹತ್ತಿತು. ಹಳೆಯ ಹೆವಿವೇಟ್ ಚಾಂಪಿಯನ್ನರ ಬಗ್ಗೆ ಓದುತ್ತ ಹೋದೆ. ಓದಿದಷ್ಟೂ ನಮ್ಮ ಚೀಟಿಯ ‘ವಿವಾದಾತ್ಮಕ’ ಎಂಬ ಪದದ ಮೇಲೇ ಸಂಶಯ ಬಂತು. ಅಕ್ಕಿ, ಗೋದಿ, ಕಲ್ಲು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ಪದ ಅದು.

ಜ್ಯಾಕ್ ಜಾನ್ಸನ್ ತೆಗೆದುಕೊಳ್ಳಿ. 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಹೆವಿವೇಟ್ ಪಟ್ಟ ಗೆದ್ದ ಮೊದಲ ಕಪ್ಪು ವರ್ಣೀಯ. ಬಿಳಿಯರ ಮರ್ಯಾದೆ ಉಳಿಸಲೆಂದು ನಿವೃತ್ತ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನು ಮತ್ತೆ ರಿಂಗಿಗೆ ಕರೆತಂದರು. 1910ರ ಜುಲೈ 4ರಂದು ಜಾನ್ಸನ್ ಅವನನ್ನೂ ಸೋಲಿಸಿದ. ಅದಕ್ಕೆ ಅಮೆರಿಕದ ಹಲವು ಊರುಗಳಲ್ಲಿ ಗಲಭೆಯಾಗಿ ಕಪ್ಪು ಜನರ ಪ್ರಾಣ ಹೋಯಿತು. ಬಿಳಿಯ ಹೆಂಗಸರ ಜೊತೆ ಬದುಕಿದ್ದೇ ಅವನ ಮೇಲಿನ ಸಿಟ್ಟಿಗೆ ಕಾರಣ. ಮಹಿಳೆಯನ್ನು ರಾಜ್ಯದ ಗಡಿ ದಾಟಿಸಿದ ಎಂಬ ಕಾಯ್ದೆ ಹೂಡಿ 1913ರಲ್ಲಿ ಬರೀ ಬಿಳಿಯರೇ ಇದ್ದ ಜ್ಯೂರಿ ಅವನನ್ನು ಅಪರಾಧಿ ಎಂದಿತು. 2018ರಲ್ಲಿ, ಅವನು ಸತ್ತು ಏಳು ದಶಕ ಕಳೆದ ಮೇಲೆ, ಅಮೆರಿಕದ ಅಧ್ಯಕ್ಷರು ಕ್ಷಮಾದಾನ ಕೊಟ್ಟರು. ಅವನನ್ನೂ ಪತ್ರಿಕೆಗಳು ‘ವಿವಾದಾತ್ಮಕ ಚಾಂಪಿಯನ್’ ಎಂದೇ ಕರೆಯುತ್ತವೆ.

ಮೊಹಮ್ಮದ್ ಅಲಿ. 1967ರ ಏಪ್ರಿಲ್ 28ರಂದು ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ಒಲ್ಲೆ ಎಂದ. ಪಟ್ಟ ಕಿತ್ತುಕೊಂಡರು, ಲೈಸೆನ್ಸ್ ಕಿತ್ತುಕೊಂಡರು. ಐದು ವರ್ಷದ ಜೈಲು ಶಿಕ್ಷೆಯೂ ಆಯಿತು. ಮೇಲ್ಮನವಿ ಇದ್ದದ್ದರಿಂದ ಜೈಲಿಗೆ ಹೋಗಲಿಲ್ಲ, ಆದರೆ ಮೂರೂವರೆ ವರ್ಷ ರಿಂಗ್ ಇಲ್ಲ. 25ರಿಂದ 28. ಟೈಸನ್ ಕಳೆದುಕೊಂಡ ಅದೇ ಬಂಗಾರದ ವಯಸ್ಸು! 1971ರ ಜೂನ್ 28ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಶಿಕ್ಷೆಯನ್ನು ರದ್ದು ಮಾಡಿತು. ಸರಿಯಾಗಿ 26 ವರ್ಷದ ನಂತರ ಅದೇ ಜೂನ್ 28ರಂದು ಟೈಸನ್ ಕಿವಿ ಕಚ್ಚಿದ. ಅಲಿಯೂ ದೇವರೇನಲ್ಲ. ಜೋ ಫ್ರೇಜಿಯರ್‌ನನ್ನು ಗೊರಿಲ್ಲಾ ಎಂದು ಹಂಗಿಸಿದ್ದು ಫ್ರೇಜಿಯರ್ ಮನಸ್ಸಿನಲ್ಲಿ ಬಹುಕಾಲ ಉಳಿದ ಗಾಯ.

ಈಗ ಹೇಳಿ. ಜಾನ್ಸನ್ ಕಳೆದುಕೊಂಡದ್ದು ಮೈಬಣ್ಣಕ್ಕೆ. ಅಲಿ ಕಳೆದುಕೊಂಡದ್ದು ನಂಬಿದ ಮಾತಿಗೆ. ಟೈಸನ್ ಕಳೆದುಕೊಂಡದ್ದು ಒಬ್ಬ ಹುಡುಗಿಗೆ ಮಾಡಿದ ಅಪರಾಧಕ್ಕೆ. ಮೂವರನ್ನೂ ‘ವಿವಾದಾತ್ಮಕ’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಮೊದಲಿಬ್ಬರಿಗೆ ಅನ್ಯಾಯ, ಮೂರನೆಯವನಿಗೆ ರಿಯಾಯಿತಿ. ‘ಜೈಲಿಗೆ ಹೋಗದಿದ್ದರೆ’ ಎಂಬ ನನ್ನ ವಾದವೂ ಇಲ್ಲಿಯೇ ಕುಸಿಯಿತು. ಅಲಿಯ ವರ್ಷಗಳನ್ನು ಬೇರೆಯವರು ಕಿತ್ತುಕೊಂಡರು. ಟೈಸನ್ ವರ್ಷಗಳು ಹೋದದ್ದು ಅವನದೇ ಕೃತ್ಯದಿಂದ. ಅದರ ನಷ್ಟಭರ್ತಿಯನ್ನು ನಾವು ಪಟ್ಟಿಯಲ್ಲಿ ಮೇಲಿನ ಸ್ಥಾನ ಕೊಟ್ಟು ತುಂಬಿಸಬೇಕೇ? ಅದೂ ಅಲ್ಲದೆ ಜೈಲಿಗೆ ಹೋಗುವ ಎರಡು ವರ್ಷ ಮೊದಲೇ ಅವನು ಟೋಕಿಯೊದಲ್ಲಿ ಸೋತಾಗಿತ್ತು.

ಎರಡು ಖಾತೆ

ಹಾಗಾದರೆ ಟೈಸನ್ ಹೆಸರನ್ನು ಪಟ್ಟಿಯಿಂದಲೇ ಹೊಡೆದುಹಾಕಬೇಕೇ? ಮುಂದಿನ ಭಾನುವಾರ ಮೊದಲು ನನ್ನನ್ನು ನಾನೇ ಕೇಳಿಕೊಂಡ ಪ್ರಶ್ನೆ ಇದು.

ಇಲ್ಲಿ ನನಗೆ ದಾರಿ ತೋರಿಸಿದವನು ಇನ್ನೊಬ್ಬ ಬಾಕ್ಸರ್, ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೊನ್. 1970ರಿಂದ 1977ರವರೆಗೆ ಮಿಡಲ್‌ವೇಟ್ ಚಾಂಪಿಯನ್, 14 ಬಾರಿ ಪಟ್ಟ ಉಳಿಸಿಕೊಂಡು ಗೆಲ್ಲುತ್ತಲೇ ನಿವೃತ್ತನಾದವನು. ಆ ತೂಕದ ಸಾರ್ವಕಾಲಿಕ ಶ್ರೇಷ್ಠರನ್ನು ಹೇಳು ಎಂದರೆ ಮೊದಲ ಉಸಿರಿಗೇ ಬರುವ ಹೆಸರುಗಳಲ್ಲಿ ಅವನದೊಂದು. ಅವನು 1988ರಲ್ಲಿ ತನ್ನ ಮಗುವಿನ ತಾಯಿಯನ್ನು ಕೊಂದ. 1989ರಲ್ಲಿ ಶಿಕ್ಷೆಯಾಯಿತು. ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ನಲ್ಲಿ ಅವನ ಹೆಸರು ಇಂದಿಗೂ ಇದೆ. 2011ರಲ್ಲಿ ಟೈಸನ್ ಹೆಸರೂ ಅಲ್ಲಿಗೆ ಸೇರಿತು.

ಮೊನ್ಸೊನ್ ಗೆದ್ದ 14 ಪಂದ್ಯಗಳನ್ನು ಯಾರಾದರೂ ಸೋಲು ಎಂದು ತಿದ್ದಲು ಸಾಧ್ಯವೇ? ಇಲ್ಲ. ಆ ಹೆಂಗಸಿನ ಸಾವನ್ನು ಆ 14 ಗೆಲುವು ಒಂದಿಷ್ಟಾದರೂ ಕಡಿಮೆ ಮಾಡುತ್ತವೆಯೇ? ಅದೂ ಇಲ್ಲ.

ಬಿ.ಕಾಂ. ಓದಿದವನ ಭಾಷೆಯಲ್ಲಿ ಹೇಳುತ್ತೇನೆ. ಇವು ಎರಡು ಬೇರೆ ಖಾತೆ. ಒಂದರ ಜಮೆಯನ್ನು ಇನ್ನೊಂದರ ಖರ್ಚಿಗೆ ವಜಾ ಹಾಕಲು ಬರುವುದಿಲ್ಲ. ನಾವು ಅಭಿಮಾನಿಗಳು ಮಾಡುವ ತಪ್ಪು ಲೆಕ್ಕ ಅದೇ. 44 ನಾಕೌಟ್ ಇದೆಯಲ್ಲ ಎಂದು ಅಪರಾಧದ ಪುಟವನ್ನು ಅಂಟಿಸಿ ಮುಂದೆ ಹೋಗುತ್ತೇವೆ. ಎದುರು ಪಕ್ಷದವರು ಕೆಲವೊಮ್ಮೆ ಉಲ್ಟಾ ಮಾಡುತ್ತಾರೆ. ಅವನು ಕೆಟ್ಟವನು, ಆದ್ದರಿಂದ ಅವನ ಪಂಚ್‌ಗೂ ಬಲವಿರಲಿಲ್ಲ ಎನ್ನುತ್ತಾರೆ. ಎರಡೂ ಖಾತೆ ತೆರೆದಿಟ್ಟು ಓದುವುದು ಕಷ್ಟ. ಮನಸ್ಸಿಗೆ ಹಿಂಸೆ. ಆದರೆ ಪ್ರಾಮಾಣಿಕ ಲೆಕ್ಕ ಅದೊಂದೇ.

ಆ ಭಾನುವಾರ ನಾನು ಕೊಟ್ಟ ಉತ್ತರ ಇದು. ರಿಂಗ್‌ನ ಖಾತೆ: 1986ರಿಂದ 1989ರವರೆಗಿನ ಟೈಸನ್‌ಗಿಂತ ಭಯಂಕರ ಹೆವಿವೇಟ್ ಇದ್ದದ್ದು ಅಪರೂಪ. ಆದರೆ ದೊಡ್ಡತನ ಅಳೆಯುವುದು ಏರಿದ ಎತ್ತರ ಒಂದರಿಂದಲೇ ಅಲ್ಲ. ಎಷ್ಟು ಕಾಲ ನಿಂತ, ಯಾರನ್ನು ಗೆದ್ದ, ಬಿದ್ದಾಗ ಏನು ಮಾಡಿದ, ಇವೂ ಬೇಕು. ಅಲಿ, ಲೂಯಿಸ್ ಇರುವ ಮೊದಲ ಐದರಲ್ಲಿ ಅವನಿಗೆ ಜಾಗವಿಲ್ಲ. ಹತ್ತರ ಅಂಚಿನಲ್ಲಿ, ಒಂಬತ್ತೋ ಹತ್ತೋ ಎಂದು ಜಗಳವಾಡಬಹುದು. ಅವನನ್ನು ಗೆದ್ದ ಹೋಲಿಫೀಲ್ಡ್ ಮತ್ತು ಲೂಯಿಸ್ ಇಬ್ಬರೂ ಅವನಿಗಿಂತ ಮೇಲೆ. ಇನ್ನೊಂದು ಖಾತೆ: 1991, ಇಂಡಿಯಾನಾಪೊಲಿಸ್, 18 ವರ್ಷದ ವಿದ್ಯಾರ್ಥಿನಿ, ಸಾಬೀತಾದ ಅಪರಾಧ. ಅವನ ಬಗ್ಗೆ ಮಾತಾಡುವಾಗಲೆಲ್ಲ ಎರಡೂ ಪುಟ ತೆರೆದಿರಬೇಕು.

ಕೇಳಿದ ರೂಮ್‌ಮೇಟ್ ಈ ಸಲ ಪಕ್ಷ ಬದಲಿಸಿದ. “ಶಿಕ್ಷಾ ಅನುಭವಿಸಿ ಹೊರಗ ಬಂದವಗ ಮತ್ತ ಬದುಕೋ ಹಕ್ಕಿಲ್ಲೇನೋ? ಜೀವನಪೂರ್ತಿ ಅದನ್ನ ಎತ್ತಿ ಆಡಬೇಕಾ?”

ಒಳ್ಳೆಯ ಪ್ರಶ್ನೆ. ಟೈಸನ್‌ಗೆ ಆ ಹಕ್ಕು ಖಂಡಿತ ಇದೆ. ಅವನು ಅದನ್ನು ಬಳಸಿಕೊಂಡೂ ಇದ್ದಾನೆ. ದುಡಿದ ಕೋಟಿ ಕೋಟಿ ಹಣ ಕರಗಿ 2003ರಲ್ಲಿ ದಿವಾಳಿ ಅರ್ಜಿ ಹಾಕಿದವನು, ಆಮೇಲೆ ಹಾಲಿವುಡ್‌ನ ‘ದಿ ಹ್ಯಾಂಗೋವರ್’ ಚಿತ್ರದಲ್ಲಿ ತನ್ನನ್ನೇ ತಾನು ನಟಿಸಿ ಜನರನ್ನು ನಗಿಸಿದ. 2022ರಲ್ಲಿ ನಮ್ಮ ಪಕ್ಕದ ತೆಲುಗಿನವರೆಗೂ ಬಂದ. ‘ಲೈಗರ್’ ಚಿತ್ರದಲ್ಲಿ ವಿಜಯ್ ದೇವರಕೊಂಡ ಎದುರು ನಿಂತ. 2024ರ ನವೆಂಬರಿನಲ್ಲಿ 58ನೇ ವಯಸ್ಸಿನಲ್ಲಿ ಜೇಕ್ ಪಾಲ್ ಎದುರು ಎಂಟು ರೌಂಡ್ ಆಡಿ ಸೋತಾಗ ನಮ್ಮ ರೂಮಿನಲ್ಲೂ ಎಲ್ಲರೂ ‘ಪಾಪ ಅಜ್ಜ’ ಎಂದು ಮರುಗಿದೆವು. ಜಗತ್ತು ಅವನನ್ನು ಕ್ಷಮಿಸಿ, ಪ್ರೀತಿಸಿ, ಮನೆಯೊಳಗೆ ಕರೆದುಕೊಂಡಿದೆ. ಅವನಿಗೆ ಎರಡನೇ ಅವಕಾಶ ಸಿಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ನಾನು ಕೇಳುತ್ತಿರುವುದು ಬಹಳ ಸಣ್ಣದು. ಅವನನ್ನು ಮತ್ತೆ ಒಳಗೆ ಕರೆಯುವ ಉತ್ಸಾಹದಲ್ಲಿ ಆ ಹುಡುಗಿಯನ್ನು ಕಥೆಯಿಂದಲೇ ಹೊರಗೆ ಕಳಿಸಬಾರದು.

ಗಡಿಯಾರ ಹಿಡಿದಿದ್ದವಳು ಈ ಸಲ ಏನೂ ಕೇಳಲಿಲ್ಲ. ಚೀಟಿಯಲ್ಲಿ ‘ಮಾತು: 7’ ಎಂದಿತ್ತು. ತಡವರಿಸಿದ್ದೆ, ಸರಿಯೇ. ತಯಾರಿಯ ಎದುರು 9 ಇತ್ತು.

ಪಟ್ಟಿ ಬೇರೆ, ಗೋಡೆ ಬೇರೆ

ದೀಪಾವಳಿಗೆ ಊರಿಗೆ ಹೋದಾಗ ಗರಡಿ ಮನೆಗೆ ಹೋದೆ. ಕೆಮ್ಮಣ್ಣಿನ ಅದೇ ವಾಸನೆ. ಹನುಮಪ್ಪನ ಮುಂದೆ ಊದುಬತ್ತಿ. ಪಕ್ಕದಲ್ಲಿ ಟೈಸನ್. ಅದರ ಕೆಳಗೆ ಆರೇಳು ಹುಡುಗರು, ನಾನು ಒಂದು ಕಾಲದಲ್ಲಿ ಇದ್ದಂತೆ. ಒಬ್ಬ ಬೈಠಕ್ ನಿಲ್ಲಿಸಿ, “ಅಣ್ಣಾ, ಟೈಸನ್ ಜಗತ್ತಿನ್ಯಾಗ ನಂಬರ್ ಒನ್ ಅಲ್ಲೇನು?” ಎಂದ. ಅವನಿಗೆ ಹದಿನಾಲ್ಕೋ ಹದಿನೈದೋ ಇರಬಹುದು.

ನಾನು ಕಟ್ಟೆಯ ಮೇಲೆ ಕೂತೆ. ಮೊದಲು 91 ಸೆಕೆಂಡ್ ಕಥೆ ಹೇಳಿದೆ. ಎಲ್ಲರೂ ಹತ್ತಿರ ಬಂದರು. ಟೋಕಿಯೊ ಹೇಳಿದೆ. ಕಿವಿ ಕಚ್ಚಿದ್ದು ಹೇಳಿದಾಗ ನಕ್ಕರು. ಆಮೇಲೆ 1991 ಹೇಳಿದೆ. ಹುಡುಗರ ಮುಂದೆ ಆ ಮಾತು ಎತ್ತಲು ನನಗೆ ನಾಚಿಕೆಯಾಯಿತು, ಗಂಟಲು ಕಟ್ಟಿತು. ಆದರೂ ಹೇಳಿದೆ. ನಾನು ಅವರ ವಯಸ್ಸಿನಲ್ಲಿದ್ದಾಗ ಯಾರೂ ನನಗೆ ಹೇಳಿರಲಿಲ್ಲ. ಶಕ್ತಿ ಎಂದರೆ ಏನು ಎಂದು ಆ ಪೋಸ್ಟರ್ ನೋಡಿ ಕಲಿತವನು ನಾನು. ಆ ಶಕ್ತಿ ರಿಂಗ್‌ನ ಹಗ್ಗದ ಆಚೆ, ತನಗಿಂತ ಬಲ ಕಡಿಮೆ ಇರುವವರ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬ ಪಾಠ ಆ ಪೋಸ್ಟರಿನಲ್ಲಿ ಇರಲಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಪೋಸ್ಟರ್ ಇನ್ನೂ ಅಲ್ಲೇ ಇದೆ. ತೆಗೆಯುವುದು ಬಿಡುವುದು ವಸ್ತಾದರಿಗೆ ಸೇರಿದ್ದು. ನನ್ನ ಫೋನಿನಿಂದ ಮಾತ್ರ ಆ ಚಿತ್ರ ಹೋಗಿದೆ. ಅವನ ಪಂದ್ಯಗಳನ್ನು ಈಗಲೂ ನೋಡುತ್ತೇನೆ, ಆ ಎಡಗೈ ಹುಕ್ ಬಂದಾಗ ಈಗಲೂ ಮೈ ಝುಮ್ಮೆನ್ನುತ್ತದೆ. ಅದರಲ್ಲಿ ಸುಳ್ಳು ಹೇಳಿ ಏನು ಪ್ರಯೋಜನ? ಒಬ್ಬನನ್ನು ಪಟ್ಟಿಗೆ ಸೇರಿಸುವುದು ಬೇರೆ, ಗೋಡೆಗೆ ಅಂಟಿಸುವುದು ಬೇರೆ ಎಂಬುದಷ್ಟೇ ನನಗೆ ಅರ್ಥವಾದದ್ದು. ಪಟ್ಟಿಗೆ ಅಂಕಿ ಸಾಕು. ಗೋಡೆಗೆ ಅಂಟಿಸುವ ಮೊದಲು ಅಂಕಿಯಲ್ಲಿ ಬಾರದವರನ್ನೂ ಕೇಳಬೇಕು.

ಹೊರಡಲು ಎದ್ದಾಗ ಆ ಹುಡುಗ ಬಾಗಿಲವರೆಗೆ ಬಂದ.

“ಅಣ್ಣಾ, ಆಮ್ಯಾಲೆ ಆ ಅಕ್ಕ ಏನ್ ಮಾಡಿದ್ಲು?”

ಸುದ್ದಿ, ಕ್ಯಾಮೆರಾಗಳಿಂದ ದೂರ ಹೋಗಿ ತನ್ನ ಪಾಡಿಗೆ ಬದುಕಿದಳು ಎಂದೆ. ಅವನು ತಲೆಯಾಡಿಸಿ ಒಳಗೆ ಹೋದ. ಅವಳ ಬಗ್ಗೆ ಒಂದು ಪ್ರಶ್ನೆ ಕೇಳಿಕೊಳ್ಳಲು ನನಗೆ ಹತ್ತು ವರ್ಷ ಬೇಕಾಗಿತ್ತು. ಅವನಿಗೆ ಹತ್ತು ನಿಮಿಷ ಸಾಕಾಯಿತು.